ಪುಠಾಣಿ ಕಾಳಿನಲ್ಲಿ ಆಟಗಾರ್ತಿಯರನ್ನು ಅಳೆಯುವ ಬಾಳಮ್ಮ

ಸೀಗಿ ಹುಣ್ಣಿಮೆ ಕಳೆದು ನಾಲ್ಕನೆಯ ದಿನ, ಬೆಳಗಿನ ಐದೂವರೆ. ಇಂಡಿ ಪಟ್ಟಣದ ಬಾಸ್ಕೆಟ್‌ಬಾಲ್ ಅಂಗಳದ ಮೇಲೆ ಇಬ್ಬನಿ ಕೂತಿದೆ. ಹುಡುಗಿಯರ ಕಾಲು ಜಾರಬಾರದೆಂದು ಬಾಳಮ್ಮ ಹಳೆಯ ಸೀರೆಯ ತುಂಡಿನಿಂದ ಒರೆಸುತ್ತಿದ್ದಾರೆ. ಊರಿನವರ ಕಣ್ಣಿಗೆ ಅವರು ಕಸ ಹೊಡೆಯುವ ಆಯಾ. ಆದರೆ ಇಲ್ಲಿ ಸಂಬಳಕ್ಕೆ ಆಡುವ ಮಹಿಳಾ ತಂಡ ಯಾವ ಆಟಗಾರ್ತಿಯನ್ನು ಬೇರೆ ತಂಡಕ್ಕೆ ಕೊಟ್ಟು, ಬದಲಿಗೆ ಯಾರನ್ನು ತರಬೇಕೆಂದು ಹೇಳುವವರೂ ಅವರೇ. ಅದು ಕೋಚ್ ಸಿದ್ದಾರೂಢರಿಗಷ್ಟೇ ಗೊತ್ತು.

ಹೊರ್ತಿಯ ಬಾಳಮ್ಮ ಹದಿನಾರರ ಪ್ರಾಯದಲ್ಲಿ ಜಿಲ್ಲೆಗೆ ಆಡಿದವರು. ಮೊಣಕಾಲು ಕೆಟ್ಟಿತು, ಮದುವೆಯಾಯಿತು, ಗಂಡ ಬೇಗ ತೀರಿಕೊಂಡ. ಇಪ್ಪತ್ತು ವರ್ಷಗಳಿಂದ ಈ ಅಂಗಳವೇ ಅನ್ನ.

ಎದುರಾಳಿ ತಂಡ ಬಂದರೆ ಉಡಿಯಲ್ಲಿ ಪುಠಾಣಿ, ಅಂದರೆ ಹುರಿಗಡಲೆ, ಹಾಕಿಕೊಂಡು ಮೂಲೆ ಹಿಡಿಯುತ್ತಾರೆ. ಒಬ್ಬ ಆಟಗಾರ್ತಿಗೆ ನಲವತ್ತು ಕಾಳು. ಚೆಂಡು ಕಳೆದುಕೊಂಡವಳು ತಿರುಗಿ ಓಡದೆ ಸೊಂಟಕ್ಕೆ ಕೈಯಿಟ್ಟು ನಿಂತಳೋ, ಒಂದು ಕಾಳು ಬಾಯಿಗೆ.

"ಆ ಎತ್ತರದಾಕಿಯವು ಎಷ್ಟ ಉಳದಾವ, ಬಾಳಮ್ಮಕ್ಕ?" ಎಂದು ಕೋಚ್ ಕೇಳುತ್ತಾರೆ.

"ಹೊಟ್ಟಿ ತುಂಬೈತ್ರಿ ಸರ, ಇವತ್ತ ನಾಷ್ಟಾ ಬ್ಯಾಡ."

ಹೋದ ವರ್ಷ ಕೋಚ್ ಬಾಳಮ್ಮನ ಮಾತು ಮೀರಿ, ಹೆಚ್ಚು ಅಂಕ ಗಳಿಸುವವಳನ್ನೇ ತಂದರು. ತಂಡ ಕಡೆಯ ಸ್ಥಾನಕ್ಕೆ ಬಿತ್ತು. "ರೊಟ್ಟಿ ಬಡಿಯಾಕ ಇಬ್ರು, ಹಿಟ್ಟು ನಾದಾಕ ಒಬ್ಬಾಕಿನೂ ಇಲ್ಲ. ಅಂಥಾ ಮನಿ ನಡೀತೈತೇನ್ರಿ?" ಎಂದರು ಬಾಳಮ್ಮ.

ಈ ಸಲ ಹುಬ್ಬಳ್ಳಿ ಕಡೆಯ ತಂಡದ ಸಾಬೀರಾ ಕಣ್ಣಿಗೆ ಬಿದ್ದಳು. ಅಂಕ ಕಡಿಮೆ, ಆದರೆ ಪುಟಿದ ಚೆಂಡನ್ನು ಬಿಡುವವಳಲ್ಲ. ಮೂರು ಆಟಕ್ಕೆ ಬಾಳಮ್ಮ ತಿಂದದ್ದು ಎರಡೇ ಕಾಳು. ಅವಳ ಬದಲಿಗೆ ಆ ತಂಡ ಕೇಳಿದ್ದು ಇಲ್ಲಿಯ ಆಟಗಾರ್ತಿ ಕೋಮಲಳನ್ನು. ತಂಗಡಗಿಯ ಶಾಲೆಯ ಬಯಲಿನಲ್ಲಿ ಹನ್ನೆರಡರ ಕೋಮಲಳನ್ನು ಗುರುತಿಸಿ ಕರೆತಂದು, ಏಳು ವರ್ಷ ತಮ್ಮ ಮನೆಯಲ್ಲೇ ಉಣ್ಣಲಿಕ್ಕಿ ಬೆಳೆಸಿದವರು ಬಾಳಮ್ಮ.

"ನೀವು ಬ್ಯಾಡ ಅಂದ್ರ ಬಿಟ್ಟಬಿಡ್ತೇನಿ," ಎಂದರು ಕೋಚ್. ಮೂರನೆಯ ದಿನ ಬಾಳಮ್ಮ, "ಕೊಡ್ರಿ," ಎಂದರು.

ಕೋಮಲ ಕೆಂಡವಾದಳು. "ಅತ್ತಿ, ಸಂತ್ಯಾಗ ಕುರಿ ಕೊಟ್ಟಂಗ ಕೊಟ್ಟಿ ನನ್ನ?"

"ಇಲ್ಲಿ ನಿನಗ ಆಡಾಕ ಎಂಟ ನಿಮಿಷ ಸಿಗತಾವ. ಅಲ್ಲಿ ಇಪ್ಪತ್ತೈದು. ನಾ ಬ್ಯಾಡ ಅಂದಿದ್ರ ನನ್ನ ರೊಟ್ಟಿ ತಿಂದ ಬೆಂಚ್ ಕಾಯ್ತಿದ್ದಿ, ಹುಚ್ಚಿ."

ಈಗ ಮನೆಯಲ್ಲಿ ಒಬ್ಬರಿಗೇ ಅಡುಗೆ. ಬಾಳಮ್ಮ ಬೇರೇನೂ ಬೇಡುವುದಿಲ್ಲ. "ನಮ್ಮ ಮ್ಯಾಲ ಆಡಾಕ ಬಂದಾಗ ಆಕಿ ಬೆಂಚಿನ ಮ್ಯಾಲ ಕುಂತಿರಬಾರದ್ರಿ. ನಾವು ಸೋತ್ರೂ ಅಡ್ಡಿಲ್ಲ."

ಕೋಮಲ ಹೋದದ್ದು ಮೊನ್ನೆ ಬುಧವಾರ, ಮುಂಜಾನೆಯ ಮೊದಲ ಬಸ್ಸಿಗೆ.