ಕೀಪರನಿಗೆ ಅಂದ ಒಂದು ಹೂಂ

ನಾನು ಕೈ ನೋಡುತ್ತೇನೆ. ಹೀಗೆಂದ ಕೂಡಲೇ ದಾವಣಗೆರೆಯ ಮದುವೆ ಮನೆಯೊಂದರಲ್ಲಿ ಇಬ್ಬರು ಹೆಂಗಸರು ಅಂಗೈ ಚಾಚಿದ್ದುಂಟು. ಭವಿಷ್ಯ ನನಗೆ ಬರುವುದಿಲ್ಲ. ನಾನು ಫಿಸಿಯೋಥೆರಪಿಸ್ಟ್. ಅಮೆರಿಕದ ಶಾಮ್‌ಬರ್ಗ್‌ನ ಒಂದು ಕ್ಲಿನಿಕ್‌ನಲ್ಲಿ ಇಪ್ಪತ್ತು ವರ್ಷದಿಂದ ಮುರಿದ ಬೆರಳು, ಬಿಗಿದುಕೊಂಡ ಮಣಿಕಟ್ಟು, ಆಪರೇಷನ್ ಆದ ಹಸ್ತಗಳನ್ನು ಬಗ್ಗಿಸುವುದೇ ನನ್ನ ಕೆಲಸ.

ಒಂದು ದಿನ ಫ್ರಂಟ್ ಡೆಸ್ಕಿನ ಹುಡುಗಿ ಬಂದು, ನಿಮ್ಮ ಹತ್ತು ಗಂಟೆಯ ಪೇಷಂಟ್ ಒಬ್ಬ ಗೋಲಿ ಎಂದಳು. ನಮ್ಮ ಕಡೆ ಗೋಲಿ ಅಂದರೆ ಬೇರೆ ಆಟ. ಒಳಗೆ ಬಂದವನು ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಹಾಲೆಂಡಿನ ಮನುಷ್ಯ. ಮೂವತ್ತಾರು ವಯಸ್ಸು, ಇಲ್ಲಿನ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನಲ್ಲಿ ಸಂಬಳಕ್ಕೆ ಗೋಲು ಕಾಯುವವನು. ಪ್ರಾಕ್ಟೀಸಿನಲ್ಲಿ ಬಲಗೈ ಉಂಗುರ ಬೆರಳಿನ ಬುಡದ ಮೂಳೆ ಮುರಿದಿತ್ತು. ಸರ್ಜನ್ ಪ್ಲೇಟು ಹಾಕಿ, ಸ್ಕ್ರೂ ಬಿಗಿದು ನನ್ನ ಹತ್ತಿರ ಕಳಿಸಿದ್ದರು.

"ಗೋಲಿ ಅನ್ನಬೇಡಿ, ಕೀಪರ್ ಅನ್ನಿ. ನಮ್ಮ ದೇಶದಲ್ಲಿ ಹಾಗೇ ಅನ್ನೋದು" ಎಂದ.

"ನಮ್ಮಲ್ಲೂ ಕೀಪರ್ರೇ. ಆದರೆ ಮೂರು ಕೋಲಿನ ಹಿಂದೆ ನಿಂತವನಿಗೆ" ಎಂದೆ. ನಕ್ಕ. ಅಲ್ಲಿಂದ ಅವನ ಮಾತು ಶುರುವಾಯಿತು.

ವಾರಕ್ಕೆರಡು ದಿನ, ಮುಕ್ಕಾಲು ಮುಕ್ಕಾಲು ಗಂಟೆ. ನಾನು ಬೆರಳು ಬಗ್ಗಿಸುತ್ತಿದ್ದೆ, ಅವನು ತನ್ನ ಕಥೆ ಹೇಳುತ್ತಿದ್ದ. ಹತ್ತೊಂಬತ್ತಕ್ಕೆ ಮೊದಲ ಕಾಂಟ್ರಾಕ್ಟ್. ಆಮೇಲೆ ಹದಿನೈದು ವರ್ಷದಲ್ಲಿ ನಾಲ್ಕು ಕ್ಲಬ್ಬು, ನಾಲ್ಕರಲ್ಲೂ ಅವನು ಎರಡನೇ ಕೀಪರ್. ಎರಡನೇ ಕೀಪರನ ಕೆಲಸ ಏನು ಅಂತ ನನಗೆ ಗೊತ್ತಿರಲಿಲ್ಲ. ಮ್ಯಾಚಿಗೆ ಮೊದಲು ಒಂದನೇ ಕೀಪರನಿಗೆ ಚೆಂಡು ಒದ್ದು ಮೈ ಬಿಸಿ ಮಾಡಿಸುವುದು, ಆಮೇಲೆ ಕೋಟು ಹಾಕಿಕೊಂಡು ಬೆಂಚಿನ ಮೇಲೆ ಕೂರುವುದು. ಒಂದನೆಯವನ ಕೈಯೋ ಕಾಲೋ ಮುರಿದರೆ ಮಾತ್ರ ಇವನಿಗೆ ಆಟ.

"ಮುರೀಲಿ ಅಂತ ಬೇಡಿಕೋಬಾರದು. ಆದರೆ ಆ ಯೋಚನೆ ಬರದ ಎರಡನೇ ಕೀಪರ್ ಇಲ್ಲ" ಎಂದಿದ್ದ.

ನೀನೇ ಒಂದನೆಯವನು ಎಂದು ಇಲ್ಲಿನ ಕ್ಲಬ್ಬು ಮಾತು ಕೊಟ್ಟಿದ್ದರಿಂದ ಮೂವತ್ತನಾಲ್ಕನೇ ವಯಸ್ಸಿಗೆ ಅಮೆರಿಕಕ್ಕೆ ಬಂದ. ಒಂದೂವರೆ ಸೀಸನ್ ಆಡಿದ. ಅಷ್ಟರಲ್ಲಿ ಈ ಬೆರಳು. ಈಗ ಅವನ ಜಾಗದಲ್ಲಿ ಇಪ್ಪತ್ತಮೂರರ ಒಬ್ಬ ಎರಡನೇ ಕೀಪರ್ ನಿಂತಿದ್ದ, ಚೆನ್ನಾಗಿಯೂ ಆಡುತ್ತಿದ್ದ. ಹೊಸ ಕಾಂಟ್ರಾಕ್ಟ್ ಯಾರಿಗೆ ಎಂದು ಸೀಸನ್ ಮುಗಿದ ಮೇಲೆ ಕ್ಲಬ್ಬು ತೀರ್ಮಾನಿಸಬೇಕಿತ್ತು. ಬೆಂಚಿನ ಮೇಲಿನವನು ಏನು ಯೋಚಿಸುತ್ತಾನೆ ಅನ್ನುವುದು ಇವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಇಷ್ಟೆಲ್ಲ ಅವನು ಹೇಳುವಾಗ ನಾನು ಹೂಂಗುಡುತ್ತಿದ್ದೆ. ಅದು ನಮ್ಮ ಮನೆಯ ಪಾಠ. ಚಿಕ್ಕಂದಿನಲ್ಲಿ ನಮ್ಮ ಸೋದರತ್ತೆ ಅವರೆಕಾಯಿ ಸುಲಿಯುತ್ತ ನೆಂಟರಿಷ್ಟರ ಪುರಾಣ ಬಿಚ್ಚುತ್ತಿದ್ದಳು. ಯಾರಾದರೂ ಹೂಂ ಅನ್ನದಿದ್ದರೆ ಅಲ್ಲಿಗೇ ನಿಲ್ಲಿಸಿ, "ನಾನೇನು ಗೋಡೆಗೆ ಹೇಳ್ತಿದೀನಾ?" ಅನ್ನುತ್ತಿದ್ದಳು. ಹೀಗಾಗಿ ಎದುರಿಗೆ ಯಾರು ಬಾಯಿ ತೆರೆದರೂ ನನ್ನ ಬಾಯಿಂದ ಹೂಂ ತಾನಾಗಿ ಬರುತ್ತದೆ, ಅದರ ಜೊತೆ ತಲೆಯೂ ಆಡುತ್ತದೆ. ಮುಂದೆ ಹೇಳು, ಕಿವಿ ಇಲ್ಲೇ ಇದೆ ಅಂತ ಅದರ ಅರ್ಥ. ಆಗಲಿ, ಒಪ್ಪಿದೆ ಅನ್ನುವುದಕ್ಕೂ ನಾವು ಹೂಂ ಎಂದೇ ಅನ್ನುತ್ತೇವೆ, ಗ್ರಹಚಾರ ಅಲ್ಲೇ ಇರುವುದು. ಯಾವುದು ಯಾವ ಹೂಂ ಅಂತ ನಮಗೆ ಎಳೆಯುವ ರೀತಿಯಲ್ಲೇ ತಿಳಿಯುತ್ತದೆ.

ನನ್ನ ಗಂಡನ ಕೆಲಸ ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನಲ್ಲಿ. ಒಂದು ವಾರ ಅವನು ಇನ್ನೂರೆಂಬತ್ತು ಮೈಲಿ ಡ್ರೈವ್ ಮಾಡಿ ಬಂದರೆ ಮುಂದಿನ ವಾರ ನಾನು ಹೋಗುತ್ತೇನೆ. ಕ್ಲಬ್ಬಿನ ಒಂದು ಮ್ಯಾಚು ಅದೇ ಊರಿನ ಹತ್ತಿರ ಇದ್ದದ್ದು ತಿಳಿದು ಕೀಪರ್ ಎರಡು ಟಿಕೆಟ್ ಕೊಟ್ಟಿದ್ದ. ಇನ್ನು ಮೂರು ವಾರ ಚೆಂಡು ಹಿಡಿಯುವ ಹಾಗಿಲ್ಲ ಅಂತ ನಾನು ಎರಡು ಸಲ ಹೇಳಿದ್ದೆ, ಕಾಗದದಲ್ಲೂ ಬರೆದುಕೊಟ್ಟಿದ್ದೆ. ಬೆಂಚಿನ ಮೇಲಿಂದ ನಿಮಗೆ ಕೈ ಬೀಸುತ್ತೇನೆ ಎಂದಿದ್ದ.

ಶನಿವಾರ ಮಧ್ಯಾಹ್ನ ಇಬ್ಬರೂ ಹೋಗಿ ಕೂತೆವು. "ಎಲ್ಲದಾನ ನಿನ್ನ ಪೇಷಂಟು?" ಎಂದ ನನ್ನ ಗಂಡ. ಅವನು ಗದಗಿನವನು, ಮಿಶಿಗನ್ ಅವನ ಮಾತಿಗೆ ಏನೂ ಮಾಡಿಲ್ಲ.

"ಬೆಂಚ್ ಮೇಲೆ ನೋಡ್ರಿ, ಎಲ್ಲರಿಗಿಂತ ಉದ್ದ ಇದಾನೆ."

ಬೆಂಚಿನ ಮೇಲೆ ಕೋಟು ಹಾಕಿ ಕೂತವನು ಇಪ್ಪತ್ತಮೂರರವನು. ನನ್ನ ಪೇಷಂಟು ಗೋಲಿನಲ್ಲಿ ನಿಂತು ಗ್ಲೌಸು ಬಿಗಿದುಕೊಳ್ಳುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾವ ಪುಣ್ಯಾತ್ಮ ಇವನನ್ನ ಆಡೋಕೆ ಬಿಟ್ಟಿದ್ದು?"

"ಯಾರರ ಹೂಂ ಅಂದಿರ್ತಾರ ಬಿಡು. ಸುಮ್ನ ಮ್ಯಾಚ್ ನೋಡು" ಎಂದ ಗಂಡ.

ಅರವತ್ತೊಂದು ನಿಮಿಷ ಆಡಿದ. ನಿಜ ಹೇಳಬೇಕೆಂದರೆ, ಸಿಟ್ಟಿನ ನಡುವೆಯೂ ನನಗೆ ಖುಷಿಯಾಯಿತು. ನನ್ನ ಸ್ಟೂಲಿನ ಮೇಲೆ ಮಂಡಿ ಮಡಿಸಲು ಜಾಗವಿಲ್ಲದೆ ಒದ್ದಾಡುವ ಮನುಷ್ಯ ಅಲ್ಲಿ ಯಾವ ಗಡಿಬಿಡಿಯೂ ಇಲ್ಲದೆ ಓಡಾಡುತ್ತಿದ್ದ. ಎಲ್ಲರಿಗೂ ಕೂಗಿ ಜಾಗ ತೋರಿಸುತ್ತಿದ್ದ, ಚೆಂಡು ಬರುವ ಮೊದಲೇ ಅಲ್ಲಿರುತ್ತಿದ್ದ. ಆಮೇಲೆ ನೆಲಕ್ಕಂಟಿ ಬಂದ ಒಂದು ಚೆಂಡಿನ ಮೇಲೆ ಬಿದ್ದ. ಎದುರಿನವನೂ ಅವನ ಕೈ ಮೇಲೆಯೇ ಬಿದ್ದ. ಎದ್ದು ಕೂತು ಎಡಗೈಯಲ್ಲಿ ಬಲಗೈ ಹಿಡಿದುಕೊಂಡ ರೀತಿ ನೋಡಿಯೇ ನನಗೆ ಮೇಲಿನ ಸಾಲಿನಿಂದ ಗೊತ್ತಾಯಿತು. ಬೆಂಚಿನ ಮೇಲಿದ್ದವನು ಕೋಟು ಬಿಚ್ಚಿ ಒಳಗೆ ಬಂದ.

ಮ್ಯಾಚು ಮುಗಿದ ಮೇಲೆ ಆಟಗಾರರ ಬಾಗಿಲಲ್ಲಿ ಅವನು ಕೈಗೆ ಐಸು ಕಟ್ಟಿಕೊಂಡು ನಿಂತಿದ್ದ. ನಾನು ನೇರ ಹೋಗಿ ತರಾಟೆಗೆ ತೆಗೆದುಕೊಂಡೆ.

"ಯಾರು ನಿನಗೆ ಒಪ್ಪಿಗೆ ಕೊಟ್ಟಿದ್ದು?"

"ನೀವೇ" ಎಂದ. "ಮಂಗಳವಾರ. ಶನಿವಾರ ಆಡ್ತೀನಿ, ಪರವಾಗಿಲ್ಲ ತಾನೇ ಅಂತ ಕೇಳಿದೆ. ನೀವು ಹೂಂ ಅಂದಿರಿ. ತಲೇನೂ ಆಡಿಸಿದಿರಿ."

ಟೀಮಿನ ಟ್ರೇನರಿಗೂ ಅದನ್ನೇ ಹೇಳಿದ್ದನಂತೆ, ಅವರೂ ನಂಬಿದ್ದರು. ಆ ಮಂಗಳವಾರ ನಾನು ಅವನ ಬೆರಳಿನ ಕೋನ ಅಳೆಯುತ್ತ ಒಂದು ಇನ್ಶೂರೆನ್ಸ್ ಫಾರಂ ಬಗ್ಗೆ ಯೋಚಿಸುತ್ತಿದ್ದೆ. ಅವನು ಏನು ಹೇಳುತ್ತಿದ್ದ ಅಂತ ಈಗಲೂ ನೆನಪಾಗುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನದು ಮಾತೂ ಅಲ್ಲ, ಬರೀ ಮೂಗಿನಿಂದ ಬಂದ ಸದ್ದು.

ಸೋಮವಾರ ನಡೆದದ್ದನ್ನೆಲ್ಲ ಬರೆದು ನನ್ನ ಮೇಲಿನವರಿಗೆ ಕೊಟ್ಟೆ. ಅವನಿಗೆ ಎರಡನೇ ಆಪರೇಷನ್ ಆಯಿತು. ಪ್ಲೇಟು ಕಿತ್ತು ಬಂದು ಮೂಳೆ ಚೂರಾಗಿತ್ತು, ಇನ್ನು ಗೋಲಿನಲ್ಲಿ ನಿಲ್ಲುವ ಕೈಯಲ್ಲ ಅಂತ ಸರ್ಜನ್ ಹೇಳಿದರು. ಕಾಂಟ್ರಾಕ್ಟ್ ಇಪ್ಪತ್ತಮೂರರವನಿಗೆ ಹೋಯಿತು. ಇವನು ಬೇರೆ ಥೆರಪಿಸ್ಟ್ ಹುಡುಕಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ನನ್ನನ್ನೇ ಕೇಳಿಕೊಂಡು ಬಂದ.

ಅವತ್ತಿನಿಂದ ನಾನು ಹೂಂ ಬಿಟ್ಟೆ. ಕೇಳಿದ್ದಕ್ಕೆ ಎಸ್, ನೋ, ಅಷ್ಟೇ. ಹಲ್ಲು ಕಚ್ಚಿ, ಕತ್ತು ನೆಟ್ಟಗಿಟ್ಟು ಕೂರುತ್ತಿದ್ದೆ. ಅವನು ಮೊದಲ ದಿನ ನಾಲ್ಕು ಮಾತಾಡಿದ, ಮುಂದಿನ ಸಲ ಎರಡು, ಆಮೇಲೆ ಅದೂ ನಿಂತಿತು. ಮೂರು ತಿಂಗಳು ಹಾಗೇ ಕಳೆಯಿತು. ನಾನು ಮನೆಯಲ್ಲಿ ಒಬ್ಬಳೇ ಇದ್ದಾಗ ಅತ್ತದ್ದೂ ಉಂಟು.

ಕೊನೆಯ ದಿನ, ಬಿಗಿದ ಕೀಲು ಸಡಿಲಾಗಲೆಂದು ಕೈಯನ್ನು ಬಿಸಿ ಮೇಣದಲ್ಲಿ ಅದ್ದಿಕೊಂಡು ಕೂತವನು, "ಒಂದು ವಿಷಯ ಹೇಳಬೇಕು" ಎಂದ. "ನಿಮ್ಮ ಹೂಂ ಅಂದರೆ ಎಸ್ ಅಲ್ಲ. ಅದು ನನಗೆ ಎರಡನೇ ವಾರವೇ ಗೊತ್ತಾಗಿತ್ತು. ಒಂದು ಸಲ ಪರೀಕ್ಷೆ ಮಾಡಿದೆ. ನಮ್ಮ ಹಳೇ ಕ್ಲಬ್ಬಿನಲ್ಲಿ ಅರ್ಧ ಗಂಟೆ ಗೋಲಿನಲ್ಲಿ ಹಸು ನಿಲ್ಲಿಸಿದ್ದೆವು ಅಂದೆ. ನೀವು ಹೂಂ ಅಂದಿರಿ."

"ಹಾಗಾದರೆ ಯಾಕೆ?"

"ಆಡು ಅಂತ ಯಾರಾದರೂ ಒಬ್ಬರು ಅನ್ನಬೇಕಿತ್ತು. ಕೇಳಿಸಿಕೊಂಡವರು ಯಾರೂ ಅನ್ನುತ್ತಿರಲಿಲ್ಲ. ಕೇಳಿಸಿಕೊಳ್ಳದೆ ಅನ್ನುವವರು ನೀವೊಬ್ಬರೇ ಇದ್ದಿರಿ."

ಮೊದಲು ಸಿಟ್ಟು ಬಂತು. ಮೂರು ತಿಂಗಳು ನಾನು ಹೊತ್ತ ಪಾಪ ಅರ್ಧ ಇವನದೇ. ಅಲ್ಲಿದ್ದ ವ್ಯಾಯಾಮದ ರಬ್ಬರ್ ಚೆಂಡನ್ನು ಅವನ ತಲೆಗೇ ಎಸೆಯೋಣ ಅನ್ನಿಸಿತು. ಆಮೇಲೆ ನಾಚಿಕೆಯಾಯಿತು. ಹದಿನೈದು ವರ್ಷ ಯಾರೂ ನೋಡದ ಬೆಂಚಿನ ಮೇಲೆ ಕೂತವನಿಗೆ ಯಾರ ಗಮನ ಎಲ್ಲಿದೆ ಅಂತ ತಿಳಿಯದೇ ಇರುತ್ತದೆಯೇ? ಪ್ರತಿ ಸಲ ನಾನು ಹೂಂ ಅಂದಾಗಲೂ ಅವನಿಗೆ ಗೊತ್ತಿತ್ತು. ಆದರೂ ಹೇಳುತ್ತಲೇ ಇದ್ದ.

ಮೇಣ ಸುಲಿದು ಬೆರಳು ಬಗ್ಗಿಸಿದೆ. ಅರ್ಧಕ್ಕೆ ಬಂದು ನಿಂತಿತು. ಅದು ಇನ್ನು ಜೀವಮಾನ ನಿಲ್ಲುವುದು ಅಲ್ಲಿಯೇ.

"ಆ ಅರವತ್ತೊಂದು ನಿಮಿಷ ಹೇಗಿತ್ತು? ಮೊದಲಿಂದ ಹೇಳು" ಎಂದೆ.

ಅವತ್ತು ಬೆಳಿಗ್ಗೆ ಬಸ್ಸಿನಲ್ಲಿ ಗ್ಲೌಸಿನೊಳಗೆ ಬೆರಳೆರಡನ್ನು ಟೇಪಿನಲ್ಲಿ ಸುತ್ತಿಕೊಂಡದ್ದರಿಂದ ಶುರು ಮಾಡಿದ. ಎರಡು ಮಾತು ಹೇಳಿ ನಿಲ್ಲಿಸಿ ನನ್ನ ಮುಖ ನೋಡಿದ. ಕಾಯುತ್ತಿದ್ದ.

ನಾನು ಕೈಯಲ್ಲಿದ್ದ ಅಳತೆಪಟ್ಟಿ ಕೆಳಗಿಟ್ಟು ಅವನನ್ನೇ ನೋಡಿದೆ.

"ಹೂಂ" ಎಂದೆ.