ಮೂರು ರಾಜರನ್ನು ಬಿಟ್ಟ ಶೋಭಾ

ಇಸ್ಪೀಟಿನ ಮೂರು ರಾಜರು ಕೈಯಲ್ಲಿರುವಾಗ ಯಾರಾದರೂ ಎಲೆ ಬಿಡುತ್ತಾರೆಯೇ? ನನ್ನ ತಂಗಿ ಶೋಭಾ ಬಿಟ್ಟಳು. ಮೊನ್ನೆ ಪಂಚಮಿಗೆ, ಸಿಂದಗಿಯ ನಮ್ಮ ಮನೆಯಲ್ಲೇ.

ಪಂಚಮಿ ಅಂದರೆ ನಮ್ಮ ಕಡೆ ಉಂಡಿ, ಜೋಕಾಲಿ, ಆಮೇಲೆ ಇಸ್ಪೀಟು. (ಪಣಕ್ಕೆ ಹುಣಸೆ ಬೀಜ. ಪೊಲೀಸರು ಓದುತ್ತಿದ್ದರೆ ಗಮನಿಸಿ.) ಬೆಳಗಿನಿಂದ ಉಂಡಿ ಕಟ್ಟಿ ನನ್ನ ಬೆನ್ನು ಹಿಡಿದುಕೊಂಡಿತ್ತು. ಒಂದು ಗಳಿಗೆ ಅಡ್ಡಾದರೆ ಸಾಕಿತ್ತು. ಆದರೆ ಮುದ್ದೇಬಿಹಾಳದಿಂದ ಶೋಭಾ, ಅವಳ ಗಂಡ ಶಿವಣ್ಣ ಬಂದಿದ್ದರು. ನಮ್ಮವರು ಮೂರೆಲೆ ಆಟಕ್ಕೆ ಚಾಪೆ ಹಾಸಿಯೇಬಿಟ್ಟರು. ಕೂತೆ.

ಶಿವಣ್ಣ ಫೋನಿನಲ್ಲಿ ಪೋಕರ್ ಆಡುತ್ತಾರೆ. ಸುಮ್ಮನೆ ಅಲ್ಲ, ಸ್ಟ್ಯಾಟಿಸ್ಟಿಕ್ಸ್ ನೋಡಿ. ಎದುರಾಳಿ ಯಾವ ಜಾಗದಲ್ಲಿ ಕೂತಾಗ ಎಷ್ಟು ಸಲ ಎಲೆ ಬಿಟ್ಟ ಎಂಬ ಪರ್ಸೆಂಟೇಜ್ ಸ್ಕ್ರೀನಿನ ಮೇಲೆ ಬರುತ್ತದಂತೆ.

"ಮೊದಲ ಆಡಾಂವ ಎಲಿ ಬಿಟ್ರ ತಪ್ಪಿಲ್ರಿ ಅಕ್ಕಾರ. ಹಿಂದ ಇನ್ನೂ ಮಂದಿ ಇರ್ತಾರ, ಅವರ ಕೈಯಾಗ ಏನೈತೋ ಯಾರಿಗ್ಗೊತ್ತು? ಕಡೀಕ ಆಡಾಂವಗ ಎಲ್ಲಾರ ಆಟಾನೂ ಕಂಡಿರ್ತೈತಿ. ಅಲ್ಲಿ ಕುಂತೂ ಬಿಡ್ತಾನಂದ್ರ ಪುಕ್ಕಲ. ಅಂಥಾವನ್ನ ಹೆದರಿಸಿ ಗೆಲ್ಲೋದು."

ನನಗೆ ಆಕಳಿಕೆ. ಮನೆಯ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲದವರು, ಮುಖ ಕಾಣದವರ ಬಗ್ಗೆ ಎಷ್ಟೊಂದು ತಿಳಿದುಕೊಂಡಿದ್ದಾರೆ.

ಅಷ್ಟರಲ್ಲಿ ಯಾವುದೋ ಕಾಲ್ ಬಂದು ಅವರು ಹೊರಗೆ ಹೋದರು. ಆಗ ನೋಡಬೇಕಿತ್ತು ಶೋಭಾಳನ್ನು. ಎಲೆ ನೋಡದೆಯೇ ಬೀಜ ಏರಿಸಿದಳು. ನಮ್ಮವರನ್ನು ಹೆದರಿಸಿದಳು. ನನ್ನ ಮುಂದಿನ ಬೀಜದ ಗುಡ್ಡೆ ಕರಗಿ ಅವಳ ಮುಂದೆ ಬೆಳೆಯಿತು.

ಶಿವಣ್ಣ ವಾಪಸ್ ಬಂದು ಅವಳ ಪಕ್ಕ, ಅವಳ ನಂತರ ಆಡುವ ಜಾಗದಲ್ಲಿ ಕೂತರು. ಅಲ್ಲಿಂದ ಶುರು. ಸರದಿ ಬಂತೆಂದರೆ ಶೋಭಾ "ನಂದೇನಿಲ್ಲ" ಎಂದು ಎಲೆ ಬೋರಲು ಹಾಕುವುದು. ಒಂದು ಆಟ ಮುಗಿದು, ಕಲೆಸಲು ಅವಳು ಬಿಟ್ಟ ಎಲೆ ಎತ್ತಿಕೊಂಡಾಗ ನನಗೆ ಕಂಡದ್ದು ಆ ಮೂರು ರಾಜರು. ಆ ಆಟ ಶಿವಣ್ಣ ಗೆದ್ದದ್ದು ಬರೀ ಒಂದು ಜೋಡಿ ಎಂಟರಲ್ಲಿ.

ಅಡುಗೆಮನೆಯಲ್ಲಿ ಅವಳನ್ನು ಹಿಡಿದೆ. "ಯಾಕ ಬಿಟ್ಟಿ?"

"ಸೋತ್ರ ಅವರ ಮಾರಿ ನೋಡಾಕಾಗಂಗಿಲ್ಲಕ್ಕ. ಹುಣಸಿ ಬೀಜಕ್ಕ ಯಾಕ ಬೇಕು?"

"ಇಂಡಿ ವಿಷಯ ಏನ್ಮಾಡಿದಿ?"

ಶೋಭಾ ಮುದ್ದೇಬಿಹಾಳದ ಹತ್ತಿರದ ತಂಗಡಗಿಯಲ್ಲಿ ಶಿಕ್ಷಕಿ. ಹೆಡ್ ಮೇಡಂ ಆಗುವ ಬಡ್ತಿ ಬಂದಿದೆ. ಖಾಲಿ ಇರುವುದು ದೂರದ ಇಂಡಿ ಕಡೆ ಮಾತ್ರ, ಹೋದರೆ ಅಲ್ಲೇ ಇರಬೇಕು. ಜಾಗ ಆರಿಸುವ ಕೌನ್ಸೆಲಿಂಗ್ ನಾಳೆಯೇ, ಸೋಮವಾರ (ನೀವು ಇದನ್ನು ಓದುತ್ತಿರುವುದು ಭಾನುವಾರ). ವರ್ಷಗಟ್ಟಲೆ ಕಾದಿದ್ದಾಳೆ ಇದಕ್ಕೆ.

"ಬ್ಯಾಡಂತ ಬರ್ದು ಕೊಡ್ತೇನಿ."

"ಶಿವಣ್ಣಾರು ಬ್ಯಾಡ ಅಂದ್ರೇನು?"

"ಇಲ್ಲ." ಉಂಡಿ ಡಬ್ಬಿಯ ಮುಚ್ಚಳ ಒತ್ತುತ್ತ ಹೇಳಿದಳು. "ಅವರಿಗೆ ನಾನ ಇನ್ನೂ ಹೇಳಿಲ್ಲ. ನೀನೂ ಬಾಯಿ ಬಿಡಬ್ಯಾಡ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸುಸ್ತು. ಅವರು ಬೇಡ ಅಂದಿದ್ದರೆ ಹೋಗಿ ಜಗಳವಾಡಬಹುದಿತ್ತು. ಅವರ ಸರದಿ ಬರುವ ಮೊದಲೇ ಇವಳು ಬಿಟ್ಟುಕೊಟ್ಟರೆ ಯಾರ ಜೊತೆ ಆಡಲಿ ಜಗಳ? ನೀವೇ ಹೇಳಿ, ಇದು ಬರೀ ಶೋಭಾಳ ಮನೆಯ ಕಥೆಯೇ? ಎಷ್ಟು ಮನೆಗಳಲ್ಲಿ ಹೆಂಗಸರು ಕೇಳದೆಯೇ ಉತ್ತರ ಊಹಿಸಿಕೊಂಡು ಸುಮ್ಮನಾಗುತ್ತಾರೆ. (ಯಾವುದಕ್ಕೂ ಅಡ್ಡಿ ಮಾಡದ ಗಂಡ ಎಂಬ ಒಳ್ಳೆಯ ಹೆಸರು ಅವರಿಗೆ ಪುಕ್ಕಟೆ.)

ಚಾಪೆಗೆ ಮರಳಿದರೆ ಶಿವಣ್ಣ ಖುಷಿಯಲ್ಲಿದ್ದರು. "ಶೋಭಾ ಬಾಳ ಪುಕ್ಕಲ ನೋಡ್ರಿ ಅಕ್ಕಾರ. ಇಕೀಗೆ ಸ್ಟ್ಯಾಟಿಸ್ಟಿಕ್ಸೂ ಬೇಕಾಗಿಲ್ಲ."

ನಾನು ಕಟ್ಟಿನಿಂದ ಮೂರು ರಾಜರನ್ನು ಹುಡುಕಿ ಅವರ ಮುಂದಿಟ್ಟೆ. "ಇವು ಆಕೀ ಎಲಿ. ನಿಮ್ಮ ಮುಂದ ಬಿಟ್ಟಿದ್ಲು."

ನೋಡಿದರು. ನಕ್ಕರು. "ಬಿಟ್ಟ ಎಲಿ ತೋರಸಬಾರದ್ರಿ ಅಕ್ಕಾರ, ರೂಲ್ಸ್ ಐತಿ." ಮೂರನ್ನೂ ಕಟ್ಟಿಗೆ ಸೇರಿಸಿ ಕಲೆಸಿಬಿಟ್ಟರು.

ರೂಲ್ಸ್ ಮುರಿಯಲು ನನಗಿರುವುದು ಈ ಅಂಕಣ ಒಂದೇ. ಪತ್ರಿಕೆ ಮುದ್ದೇಬಿಹಾಳಕ್ಕೆ ಭಾನುವಾರ ಬೆಳಿಗ್ಗೆಯೇ ಬರುತ್ತದಲ್ಲ, ಓದಾಕತ್ತೀರೇನ್ರಿ, ಶಿವಣ್ಣಾರ?