ಅರ್ಧ ಉಸಿರು ಮುಂಚಿನ ಕೊಡಲಿ

ಯೋರ್ಡಿಸ್‌ಳದು ಭಾರದ ಕೈ. ಕಸಾಯಿಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದನ ಕಡಿದ ಕೈ ಅದು. ಹನ್ನೊಂದು ವರ್ಷದ ಹಿಂದೆ ಅದೇ ಕೈ ನೆರೆಮನೆಯ ಎಸ್ಕಿಲ್‌ನ ದವಡೆ ಮುರಿದಿತ್ತು. ಆಗ ನಮ್ಮ ಹಳ್ಳಿಯವರೆಲ್ಲ ಸೇರಿ, ಮನೆಗೆ ಎರಡು ದಿನದ ದುಡಿಮೆಯಂತೆ, ಇಂಟರ್ನೆಟ್ಟಿನ ತಂತಿ ಹೂಳಲು ಕಾಲುವೆ ತೋಡುತ್ತಿದ್ದೆವು. ಮುಂದಾಳಾಗಿದ್ದ ಎಸ್ಕಿಲ್ ಅವಳ ಆಲೂಗಡ್ಡೆ ಸಾಲಿನ ನಡುವೆಯೇ ಗೂಟ ಹೊಡೆದ. ಬೇಡವೆಂದಳು.

"ನಿನ್ನ ನಾಕು ಗೆಡ್ಡೆಗೋಸ್ಕರ ಇಡೀ ಊರು ಸುತ್ತು ಹಾಕ್ಬೇಕೇನೇ?"

ಸಲಿಕೆ ಬೀಸಿದಳು. ಮೂರು ಹಲ್ಲು ಮಣ್ಣಿಗೆ ಬಿದ್ದವು. ತಂತಿ ಅವಳ ಮನೆಯೊಂದನ್ನು ಬಿಟ್ಟು ಮುಂದೆ ಹೋಯಿತು.

"ನಂಗ್ಯಾಕೆ ತಂತಿ? ಗಾಳೀಲೇ ಬರುತ್ತಲ್ಲ," ಎನ್ನುತ್ತಿದ್ದಳು.

ಗುಡ್ಡದ ಮೇಲಿನ ಮೊಬೈಲ್ ಟವರಿನಿಂದ ಬರುತ್ತಲೂ ಇತ್ತು. ಅವಳಿಗಿದ್ದದ್ದು ಒಂದೇ ಹುಚ್ಚು, ಟೀವಿ ಪರದೆಯ ಮೇಲೆ ಆಡುವ ಕೊಡಲಿ ಕಾಳಗದ ವಿಡಿಯೋ ಗೇಮ್. ಆಟದ ಯಂತ್ರ ಸುಟ್ಟುಹೋದ ಮೇಲೆ ಹೊಸದು ಕೊಳ್ಳಲಿಲ್ಲ. ಈಗ ಯಂತ್ರ ಮನೆಯಲ್ಲಿರಬೇಕಿಲ್ಲವಂತೆ. ಆಟ ನಡೆಯುವುದು ದೂರದ ಸ್ಟಾಕ್‌ಹೋಮಿನಲ್ಲಿ. ಚಿತ್ರ ಅಲ್ಲಿಂದ ಹರಿದು ಬರುತ್ತದೆ, ಇಲ್ಲಿ ಒತ್ತಿದ ಗುಂಡಿ ಅಲ್ಲಿಗೆ ತಲುಪುತ್ತದೆ. ಟೀವಿಗೆ ಸಿಕ್ಕಿಸಲು ಹೆಬ್ಬೆರಳಷ್ಟು ಡಬ್ಬಿ, ಕೈಯಲ್ಲೊಂದು ಕಂಟ್ರೋಲರ್ ಇದ್ದರೆ ಸಾಕು. ಹಾಗೆ ಆಡಿಯೇ ಅರವತ್ತೊಂದರ ಹೆಂಗಸು ಎಲ್ಲರ ತಲೆ ಕಡಿಯುತ್ತ ಕೊನೆಯವರೆಗೆ ಬಂದಳು. ಪ್ರಾಂತ್ಯದ ತಂಡದಲ್ಲಿ ಒಂದು ಜಾಗ ಉಳಿದಿತ್ತು. ಎದುರಾಳಿ ಸ್ಟ್ರೋಮ್‌ಸುಂಡಿನ ಒಬ್ಬ ಬಸ್ ಡ್ರೈವರ್. ಐದು ಸುತ್ತಿನಲ್ಲಿ ಮೂರು ಗೆದ್ದವರು ಓಸ್ಟರ್‌ಸುಂಡಿನ ಸಭಾಂಗಣದಲ್ಲಿ ಸಾವಿರ ಜನರೆದುರು ನಿಲ್ಲುತ್ತಾರೆ. ಹುಟ್ಟಿದಾಗಿನಿಂದ ಅವಳ ಹೆಸರನ್ನು ಯಾರೂ ಮೈಕಿನಲ್ಲಿ ಕೂಗಿರಲಿಲ್ಲ. ಅದೊಂದು ಬೇಕಿತ್ತು ಅವಳಿಗೆ.

ದಿನ ಆರಿಸುವ ಸರದಿ ಅವಳದು. ಸೆಪ್ಟೆಂಬರಿನ ಮೊದಲ ಸೋಮವಾರ ಎಂದಳು. ಮೂಸ್ ಎಂಬ ದೊಡ್ಡ ಕಾಡುಜಿಂಕೆಗಳ ಬೇಟೆ ಶುರುವಾಗುವ ದಿನ, ಕಸಾಯಿಖಾನೆಗೂ ರಜೆ, ಗಂಡಸರೆಲ್ಲ ಕಾಡಿಗೆ, ಊರು ತಣ್ಣಗಿರುತ್ತದೆ ಎಂದು ಲೆಕ್ಕ ಹಾಕಿದಳು. ಕಾಡಿನಲ್ಲಿ ಪ್ರತಿ ಬೇಟೆನಾಯಿಯ ಜಿಪಿಎಸ್ ಕೊರಳಪಟ್ಟಿಯೂ ತಾನೆಲ್ಲಿದ್ದೇನೆಂದು ಒಡೆಯನ ಫೋನಿಗೆ ಕೂಗುತ್ತಿರುತ್ತದೆ, ಆ ನೂರಾರು ಫೋನುಗಳೂ ಅವಳ ಆಟವೂ ಜೋತುಬಿದ್ದಿರುವುದು ಗುಡ್ಡದ ಮೇಲಿನ ಅದೊಂದೇ ಟವರಿಗೆ ಎಂಬುದು ಅವಳ ತಲೆಗೆ ಹೊಳೆಯಲಿಲ್ಲ.

ಮೊದಲ ಸುತ್ತಿನಲ್ಲಿ ಗುರಾಣಿ ಎತ್ತಲು ಗುಂಡಿ ಒತ್ತಿದಳು. ಗುರಾಣಿ ಮೇಲೇಳುವಷ್ಟರಲ್ಲಿ ಡ್ರೈವರನ ಕೊಡಲಿ ಕತ್ತಿನಲ್ಲಿ ಹೂತಿತ್ತು. ಎರಡನೆಯದರಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯಿತು. ಕೂಡಿಕೊಂಡಾಗ ಅವಳ ತೋಳು ಒಂದು ಕಡೆ, ಹೊಟ್ಟೆಯೊಳಗಿನದು ಇನ್ನೊಂದು ಕಡೆ. ಮೇಜಿಗೆ ಗುದ್ದಿದಳು. ಹಲಗೆ ಸೀಳಿತು.

ನಡುವೆ ಹದಿನೈದು ನಿಮಿಷದ ಬಿಡುವು. ಡಬ್ಬಿ ಕಿತ್ತುಕೊಂಡು ಎಸ್ಕಿಲ್‌ನ ಬಾಗಿಲಿಗೆ ಓಡಿದಳು. ಸೊಂಟನೋವಿನಿಂದ ಅವನು ಬೇಟೆಗೆ ಹೋಗಿರಲಿಲ್ಲ.

"ನಿನ್ನ ತಂತಿ ಬೇಕು. ಅರ್ಧ ಗಂಟೆ ಅಷ್ಟೇ."

ಎಸ್ಕಿಲ್ ಸೊಟ್ಟ ದವಡೆಯಲ್ಲೇ ನಕ್ಕ. "ಗಾಳೀಲಿ ಬರಲ್ವಾ ಇವತ್ತು?"

"ಹೊಡಿ. ಹೊಡೆದು ಒಳಗೆ ಬಿಡು."

"ನಿಂಗೆ ಹೊಡೆದ್ರೆ ನನ್ನ ದವಡೆ ನೆಟ್ಟಗಾಗುತ್ತೇನೆ?"

"ಕೈಲಾಗಲ್ಲ ಅನ್ನು, ಮುದುಕ."

ಎಪ್ಪತ್ತರ ಮುಷ್ಟಿ ಅಷ್ಟು ಜೋರಾಗಿರುತ್ತದೆಂದು ಅವಳು ಎಣಿಸಿರಲಿಲ್ಲ. ತುಟಿ ಒಡೆದು ಬಾಯೆಲ್ಲ ಉಪ್ಪುಪ್ಪಾಯಿತು. ಎಸ್ಕಿಲ್ ಬೆರಳಗಂಟು ಉಜ್ಜಿಕೊಳ್ಳುತ್ತ ಪಕ್ಕಕ್ಕೆ ಸರಿದ. "ಚಪ್ಪಲಿ ಬಿಟ್ಟು ಬಾ."

ಅವನ ಟೀವಿಗೆ ಡಬ್ಬಿ ಸಿಕ್ಕಿಸಿದಳು. ಮೂರನೆಯ ಸುತ್ತಿನಲ್ಲಿ ಡ್ರೈವರನ ಮೊಣಕಾಲು ಮುರಿದು, ಬಿದ್ದವನ ಬುರುಡೆ ಸೀಳಿದಳು. ನಾಲ್ಕನೆಯದರಲ್ಲಿ ಪಕ್ಕೆಲುಬು.

"ಅಬ್ಬಾ, ನಂಗೆ ಬರೀ ಸಲಿಕೇಲಿ ಹೊಡೆದೆಯಲ್ಲ, ಪುಣ್ಯ!" ಎಂದ ಎಸ್ಕಿಲ್.

"ಬಾಯ್ಮುಚ್ಚು."

ಐದನೆಯ ಸುತ್ತು. ಡ್ರೈವರ್ ಈಗ ಎಚ್ಚೆತ್ತು ಚಕಚಕನೆ ಹೊಡೆಯತೊಡಗಿದ. ಅವನ ಯಂತ್ರ ಅವನ ಕಾಲಬುಡದಲ್ಲೇ ಇತ್ತು. ಎಸ್ಕಿಲ್‌ನ ತಂತಿ ಎಷ್ಟೇ ಚುರುಕಾದರೂ ಸ್ಟಾಕ್‌ಹೋಮ್ ಸ್ಟಾಕ್‌ಹೋಮಿನಲ್ಲೇ ಇತ್ತು; ಅರ್ಧ ಉಸಿರಿನ ತಡ ಹೋಗಲೊಲ್ಲದು. ಅವಳ ಎಡಗೈ ಹೋಯಿತು. ಒಂದು ಕಣ್ಣು ಹೋಯಿತು. ಪರದೆ ಕೆಂಪೇರಿತು.

ಆಗ ಕೆಲಸದ ನೆನಪು ಕೈಗೆ ಬಂತು. ತಲೆಗೆ ಪೆಟ್ಟು ಬಿದ್ದ ಎತ್ತು ಕೂಡಲೇ ಕುಸಿಯುವುದಿಲ್ಲ. ಕತ್ತು ಈಗಿರುವ ಕಡೆಗೆ ಚೂರಿ ಹಾಕಿದರೆ ಗಾಳಿ ಕಡಿದಂತೆ; ಅದು ಬಂದು ಬೀಳುವ ಕಡೆಗೆ ಹಾಕಬೇಕು. ಡ್ರೈವರ್ ಪ್ರತಿ ಏಟಿಗೂ ಮುಂಚೆ ಬಲಕ್ಕೆ ಒಂದು ಹೆಜ್ಜೆ ಇಡುತ್ತಿದ್ದ. ಅವನು ಕಾಲೆತ್ತುವ ಮೊದಲೇ ಯೋರ್ಡಿಸ್ ಬಲಕ್ಕಿದ್ದ ಖಾಲಿ ಜಾಗಕ್ಕೆ ಕೊಡಲಿ ಬೀಸಿದಳು. ತಾನಾಗಿ ನಡೆದು ಬಂದು ಕತ್ತು ಕೊಟ್ಟ. ತಲೆ ಮೂರು ಉರುಳು ಉರುಳಿತು.

"ಗೆದ್ಯಾ?"

"ಗೆದ್ದೆ."

"ಸೋಫಾಕ್ಕೆ ರಕ್ತ ಬೀಳ್ತಾ ಇದೆ, ಒರೆಸ್ಕೋ." ಬಟ್ಟೆ ಎಸೆದ. "ಸಭಾಂಗಣಕ್ಕೆ ಯಾವತ್ತು?"

"ಹದಿನಾಲ್ಕಕ್ಕೆ. ಅಲ್ಲಿ ಯಂತ್ರ ಪಕ್ಕದಲ್ಲೇ ಇಟ್ಟಿರ್ತಾರೆ. ತಡ ಇರಲ್ಲ."

"ಅಂದ್ರೆ ತಡಕ್ಕೆ ಒಗ್ಗಿರೋ ನಿನ್ನ ಕೈ ಅಲ್ಲಿ ಮುಂಚೆಯೇ ಹೊಡೆದುಬಿಡುತ್ತೆ. ಎದುರಾಳಿ ಇನ್ನೂ ಬಂದಿರೋದೇ ಇಲ್ಲ!"

ಅದನ್ನವಳು ಯೋಚಿಸಿರಲಿಲ್ಲ.

"ಅಷ್ಟರೊಳಗೆ ಎಲ್ಲಾದ್ರೂ ಒಂದು ಯಂತ್ರ ಹುಡುಕ್ಕೋ," ಎಂದ ಎಸ್ಕಿಲ್. "ಸಿಗೋವರೆಗೆ ಇಲ್ಲೇ ಬಂದು ಆಡು. ನನ್ಹತ್ರ ಮಾತ್ರ ಮಾತಾಡ್ಬೇಡ."

"ಯಾರಿಗೆ ಬೇಕು ನಿನ್ನ ಮಾತು!" ಎಂದು ತುಟಿ ಒರೆಸಿಕೊಂಡು, ಪರದೆಯ ಮೇಲೆ ಇನ್ನೊಬ್ಬ ಎದುರಾಳಿಯನ್ನು ಆಟಕ್ಕೆ ಕರೆದಳು.